ಎಮ್ಮೆಕಾರಿನ ಒರಿಜಿನಲ್ಲು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಗುಂಡ್ಲುಪೇಟೆಯಲ್ಲಿ ಯಾರೋ ಸುಳ್ಳು ಹಬ್ಬಿಸಿದ್ದಾರೆ. ಯಾರೆಂದು ಗೊತ್ತಾದರೆ ಅವನ ಹಲ್ಲು ಉದುರಿಸುತ್ತೇನೆ. ನನಗಿರುವುದು ಕೋಪವಲ್ಲ, ಅಭಿಮಾನ. ಅದೂ ಒಂದೇ ಒಂದು ವಸ್ತುವಿನ ಮೇಲೆ. ನಮ್ಮಪ್ಪ ದೊಡ್ಡಮಲ್ಲಪ್ಪನವರು ಬಿಟ್ಟುಹೋದ ಅಮೆರಿಕಾ ದೇಶದ ಕಾರು.

ಊಟಿಯ ಟೀ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅಪ್ಪ ಅದನ್ನು ಕೊಂಡು ಬಾಡಿಗೆಗೆ ಬಿಟ್ಟಿದ್ದರು. ಕಪ್ಪು ಬಣ್ಣ, ಉಬ್ಬಿದ ಹೊಟ್ಟೆ, ರಸ್ತೆಯ ನಡುವೆ ನಿಂತರೆ ಯಾರಿಗೂ ಜಾಗ ಬಿಡದ ಗತ್ತು. ಜನ ಅದಕ್ಕೆ ಎಮ್ಮೆಕಾರು ಎಂದು ಹೆಸರಿಟ್ಟರು. (ನಾನು 'ಪಟ್ಟದಾನೆ' ಎಂದು ಕರೆದು ನೋಡಿದೆ. ಯಾರೂ ಒಪ್ಪಲಿಲ್ಲ.) ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ಅದರ ಹಿಂದಿನ ಸೀಟಿನಲ್ಲಿ ಅತ್ತವರೇ. ಅಪ್ಪ ತೆರಕಣಾಂಬಿಯಲ್ಲಿ ನಿಲ್ಲಿಸಿ, ಮೊದಲು ರೇಡಿಯೇಟರಿಗೆ ನೀರು ಕುಡಿಸಿ, ಮಿಕ್ಕದ್ದನ್ನು ತಾವು ಕುಡಿಯುತ್ತಿದ್ದರು. ಏರು ಬಂದರೆ ಸ್ಟೇರಿಂಗ್ ತಟ್ಟಿ "ಅತ್ತಲಾ ಮಗ್ನೆ" ಎನ್ನುತ್ತಿದ್ದರು. ನನ್ನ ಮದುವೆಯಾದ ಮೇಲೆ ಅದೇಕೋ "ಅತ್ತವ್ವ ಮಗ್ಳೆ" ಎನ್ನತೊಡಗಿದರು. ವಯಸ್ಸಾಯಿತು, ಮನಸ್ಸು ಮೆತ್ತಗಾಯಿತು ಎಂದುಕೊಂಡೆ.

ಹೋಗುವ ಕಾಲಕ್ಕೆ ನನ್ನ ಕೈ ಹಿಡಿದು, "ಒಂದ್ಸಲ ಇದ್ನ ಮತ್ತೆ ಊಟಿ ಅತ್ತಿಸ್ಬುಡ್ಲಾ ನಂಜುಂಡ. ಉಟ್ಟಿದೂರು ನೋಡ್ಕಂಡ್ ಬರ್ಲಿ" ಎಂದಿದ್ದರು. (ಅದು ಹುಟ್ಟಿದ್ದು ಅಮೆರಿಕಾದಲ್ಲಿ. ಅಪ್ಪನಿಗೆ ಊಟಿಯೇ ಅಮೆರಿಕಾ.)

ಇನ್ನು ನನ್ನ ಹೆಂಡತಿ ಪುಟ್ಟಬಸಮ್ಮನ ಕಡೆಗೆ ಬರುತ್ತೇನೆ. ಅವಳು ಕುದೇರಿನವಳು. ಮದುವೆಯಲ್ಲಿ ಮಾವ ಶಿವಮಲ್ಲಪ್ಪನವರು ಕೊಟ್ಟ ಪಾತ್ರೆಗಳಿಗೆಲ್ಲ ಹೆಸರು ಹೊಡೆಸಿದ್ದರು. ಕೊಳಗ, ತಪ್ಪಲೆ, ಚೊಂಬು, ಸೌಟು, ಕೊನೆಗೆ ದೋಸೆ ಮೊಗಚುವ ಕೈಯನ್ನೂ ಬಿಡದೆ ಚುಕ್ಕಿ ಚುಕ್ಕಿಯಾಗಿ 'ಶಿವಮಲ್ಲಪ್ಪ, ಕುದೇರು'. ನೀರು ಕುಡಿಯಲು ಚೊಂಬೆತ್ತಿದರೆ ಮಾವನ ಹೆಸರು ತುಟಿಗೆ ತಾಗುತ್ತದೆ. ಸ್ವಂತ ಮನೆಯಲ್ಲಿ ಗಂಡಸಿಗೆ ಇದಕ್ಕಿಂತ ಅವಮಾನ ಬೇಕೆ?

"ನಿಮ್ಮಪ್ಪ ನಂಗೇನ್ ಕೊಟ್ಟ? ಚೊಂಬು ಕೊಟ್ಟ!" ಎನ್ನುವುದು ನನ್ನ ನಿತ್ಯದ ಸುಪ್ರಭಾತ.

"ಅದ್ರಲ್ಲೇ ಕುಡ್ದು ಅದ್ನೇ ಬಯ್ತೀರಲ್ಲ, ಗಂಟ್ಲು ಕಟ್ಟಕಿಲ್ವಾ?"

"ನಮ್ಮಪ್ಪನ್ ನೋಡು. ಕಾರು ಬುಟ್ಟೋದ್ರು, ಕಾರು!"

ಇಲ್ಲಿಗೆ ಬಂದಾಗ ಅವಳು ಯಾವಾಗಲೂ ಬಾಯಿ ಮುಚ್ಚುತ್ತಿದ್ದಳು. ಸೋತಳು ಎಂದು ನಾನು ಎದೆಯುಬ್ಬಿಸುತ್ತಿದ್ದೆ. ಒಮ್ಮೆ ಕುದೇರಿನಲ್ಲಿ ಹಬ್ಬದೂಟದ ಎಲೆಯ ಮುಂದೆಯೇ ಈ ಚೊಂಬಿನ ಮಾತು ತೆಗೆದು, ಜಗಳವಾಗಿ, "ನಿಮ್ಮ ಹೊಸಲು ಇನ್ನು ತುಳಿಯಲ್ಲ" ಎಂದು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಹೀಗಿರುವಾಗ ಎರಡು ಸಾವಿರದ ಆರನೇ ಇಸವಿಯಲ್ಲಿ ಸುದ್ದಿ ಬಂತು. ಹಳೇ ಕಾರುಗಳ ಮೆರವಣಿಗೆ ಮೈಸೂರಿನಿಂದ ಊಟಿಗೆ, ನಮ್ಮೂರಿನ ಮೇಲೆಯೇ! ಸೇರುವ ಕಾರಿಗೆ ಹುಟ್ಟಿದಾಗಿನ ಎಂಜಿನ್ನೇ ಇರಬೇಕೆಂಬ ಒಂದು ಷರತ್ತು ಮಾತ್ರ. ಅಪ್ಪನ ಆಸೆ ತೀರಿಸಲು ದೇವರೇ ರಸ್ತೆ ಹಾಕಿಕೊಟ್ಟಂತಾಯಿತು. ಟೀ ಅಂಗಡಿಯ ದೇವರಾಜುವಿನ ಹತ್ತಿರ ಹೋಗಿ, "ಬಸ್‌ಸ್ಟ್ಯಾಂಡ್ ಮುಂದ್ಗಡೆ ನಿಂತಿರ್ಲಾ, ಕೈ ಬೀಸ್ತೀನಿ" ಎಂದು ಅಪ್ಪಣೆ ಕೊಡಿಸಿದೆ.

"ಎಂಜಿನ್ನು ಒರಿಜಿನಲ್ಲಾ ಅಣ್ಣ?" ಎಂದ.

"ನಮ್ಮಪ್ಪನ ಮಗ ನಾನು ಎಷ್ಟು ಒರಿಜಿನಲ್ಲೋ ಅದೂ ಅಷ್ಟೇ ಒರಿಜಿನಲ್ ಕಣ್ಲಾ!"

ಪರೀಕ್ಷೆ ಮಾಡಲು ಮೈಸೂರಿನಿಂದ ಗಿರೀಶ್ ಎಂಬ ಹುಡುಗ ಬಂದ. ಬಾನೆಟ್ ಎತ್ತಿಸಿ, ಟಾರ್ಚ್ ಬಿಟ್ಟು, ಎಂಜಿನ್ನಿನ ಸದ್ದನ್ನು ಡಾಕ್ಟರನಂತೆ ಕೇಳಿದ.

"ಸದ್ದು ಚೆನ್ನಾಗಿದೆ ಸರ್. ಆದರೆ ಸದ್ದಿನಿಂದ ಹೇಳೋಕಾಗಲ್ಲ. ಒಂದೇ ಕಂಪನಿಯ ಎಂಜಿನ್‌ಗಳು ನೋಡೋಕೂ ಕೇಳೋಕೂ ಒಂದೇ ಥರ. ಎಂಜಿನ್ ಪಕ್ಕದಲ್ಲಿ ಒಂದು ಮಟ್ಟಸವಾದ ಜಾಗ ಇರುತ್ತೆ, ಅಲ್ಲಿ ನಂಬರ್ ಹೊಡೆದಿರ್ತಾರೆ. ಬಾಗಿಲ ಹತ್ತಿರದ ತಗಡಿನ ನಂಬರಿಗೆ ಅದು ತಾಳೆಯಾಗಬೇಕು. ಎಲ್ಲಿ... ಇದೇನು ಸರ್ ಇದು?"

ಅದು ನಮ್ಮ ಮನೆದೇವರು ಮಾದಪ್ಪನ ಜಾಗ. ಪ್ರತಿ ಆಯುಧಪೂಜೆಗೂ ಅಪ್ಪ ಅಲ್ಲಿಯೇ ವಿಭೂತಿ ಬಳಿದು, ಕುಂಕುಮವಿಟ್ಟು, "ಇದು ಮಾದಪ್ಪನ ಜಾಗ, ಯಾರೂ ಕೆರೀಬಾರ್ದು" ಎಂದು ಕಟ್ಟಪ್ಪಣೆ ಮಾಡಿದ್ದರು. ಅವರ ನಂತರ ಆ ಪೂಜೆ ಪುಟ್ಟಬಸಮ್ಮನದು. ವರ್ಷ ವರ್ಷದ ವಿಭೂತಿ ಎಣ್ಣೆ ಕುಡಿದು ಗಾರೆಯಂತೆ ಕಲ್ಲಾಗಿತ್ತು.

"ಇದನ್ನ ತೆಗೀಬೇಕು ಸರ್."

"ಬ್ಯಾಡ!" ಎಂದು ಬಾಗಿಲಲ್ಲಿ ನಿಂತಿದ್ದ ಪುಟ್ಟಬಸಮ್ಮ ಕೂಗಿದಳು. "ಮೆರವಣಿಗೆ ಇಲ್ದಿದ್ರೆ ಬ್ಯಾಡ ಬುಡಿ. ನಾವ್ ನಾವೇ ಓಗನ ಊಟಿಗೆ."

"ಎಂಜಿನ್ ವಿಷ್ಯದಲ್ಲಿ ನೀನು ಬಾಯಾಕ್ಬೇಡ ಅಮ್ಮಿ! ಮಾದಪ್ಪಂಗೆ ನಾನ್ ಏಳ್ಕತೀನಿ. ಸೀಮೆಎಣ್ಣೆ ತಾ! ಮೊಗಚೋ ಕೈ ತಾ!"

ಕೆರೆಯತೊಡಗಿದೆ. ಕೋಪದಲ್ಲಿ ಶುರು ಮಾಡಿದವನ ಕೈ ನಿಧಾನವಾಯಿತು. ಮೇಲಿನ ಪದರ ಹೋದ ವರ್ಷದ್ದು. ಅದರ ಕೆಳಗೆ ಎಲ್ಲೋ ಅಪ್ಪ ಹಚ್ಚಿದ ಕೊನೆಯ ಕುಂಕುಮ. ಇನ್ನೂ ಕೆಳಗೆ ಅಪ್ಪನ ಹೆಬ್ಬೆರಳಿನ ಗುರುತು ಹಾಗೇ ಒಣಗಿ ಕೂತಿತ್ತು. ನಾನು ಮೊಗಚುವ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡೇ ನಿಂತೆ. ಕಣ್ಣಿಗೆ ಸೀಮೆಎಣ್ಣೆ ಸಿಡಿದಿತ್ತು. (ಸೀಮೆಎಣ್ಣೆಯೇ.) ಅಪ್ಪನ ಊಟಿ ನೆನಪಾಗಿ, ಕಣ್ಣು ಮುಚ್ಚಿ ಕೆರೆದುಬಿಟ್ಟೆ.

ಕೆಳಗೆ ಚುಕ್ಕಿಗಳು ಕಂಡವು.

"ಬಂತು ನಂಬರು!" ಎಂದು ಕುಣಿದೆ.

ಗಿರೀಶ್ ಟಾರ್ಚ್ ಬಿಟ್ಟ. "ಸರ್, ಇದು ನಂಬರಲ್ಲ. ಕನ್ನಡ."

"ನೋಡಿದ್ಯಾ! ಅಮೆರಿಕಾದವ್ರೂ ಆ ಕಾಲ್ದಲ್ಲೇ ಕನ್ನಡದಲ್ಲಿ..."

"'ಶಿವಮಲ್ಲಪ್ಪ, ಕುದೇರು'. ಇದು ಯಾವ ಕಂಪನಿ ಸರ್?"

ನಾನು ಎಂಜಿನ್ ನೋಡಿದೆ. ಕೈಯಲ್ಲಿದ್ದ ಮೊಗಚುವ ಕೈ ನೋಡಿದೆ. ಅದೇ ಅಕ್ಷರ, ಅದೇ ಚುಕ್ಕಿ. ನಾನು ಓದಿದ್ದು ಕಡಿಮೆ, ಆದರೂ ಅಷ್ಟು ತಾಳೆ ನೋಡುವುದಕ್ಕೆ ಇಸ್ಕೂಲು ಬೇಕಿರಲಿಲ್ಲ.

"ಏನಮ್ಮಿ ಇದು?"

ಪುಟ್ಟಬಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಲಗ್ನಕ್ಕೆ ಮುಂಚೆ ನೀವು ಲಾರಿ ಜತೆ ಕ್ಯಾಲಿಕಟ್‌ಗೆ ಓಗಿದ್ರಲ್ಲ, ಆವಾಗ ಇದ್ರ ಎಂಜಿನ್ನು ಒಡ್ದೋಯ್ತು. ನಿಮ್ಮಪ್ಪ ನಮ್ಮೂರ ದಾರೀಲೆ ಕೂತ್ಕಂಡು ಮಗು ಅತ್ತಂಗೆ ಅತ್ರಂತೆ. ನಮ್ಮಪ್ಪ ತನ್ ಅಳೇ ಪೆಟ್ರೋಲ್ ಲಾರಿ ಎಂಜಿನ್ ಇಳಿಸ್ಬುಟ್ಟು, ಅದೂ ಇದೇ ಕಂಪ್ನಿದು, ಇದಕ್ಕೆ ಕೂರಿಸ್ದ. ಪಾತ್ರೆಗೆ ಎಸ್ರು ಒಡಿಯೋನು ಬಂದಿದ್ನಲ್ಲ, ನಮ್ಮಪ್ಪ ಮಗ್ಳಿಗೆ ಕೊಟ್ಟಿದ್ಕೆಲ್ಲ ಒಡಿ ಅಂದಿದ್ದ. ಅವ್ನು ಇದ್ರ ನಂಬರ್ ಉಜ್ಜಾಕಿ ಇದಕ್ಕೂ ಎಸ್ರು ಒಡ್ದ."

"ನಂಗ್ಯಾಕ್ ಏಳ್ಲಿಲ್ಲ?"

"ನಿಮ್ಮಪ್ಪ ನನ್ ಕೈ ಇಡ್ಕಂಡ್ ಏಳಿದ್ರು. 'ಇವ್ನಿಗೆ ಏಳ್ಬೇಡ ಕಣವ್ವ. ಮಾವನ್ ಮನೇದು ಅಂತ ಗೊತ್ತಾದ್ರೆ ಕೋಪದಲ್ಲಿ ಇಳಿಸಿ ಬೀದಿಗೆಸೀತಾನೆ' ಅಂದ್ರು. ಅದ್ಕೇ ಮಾದಪ್ಪನ ಜಾಗ ಮಾಡ್ಬುಟ್ರು."

"ನಂಗೆಲ್ಲೈತೆ ಕೋಪ!" ಎಂದು ಮೊಗಚುವ ಕೈ ಎತ್ತಿ ಗರ್ಜಿಸಿದೆ. ಗಿರೀಶ್ ಕಾರಿನ ಆಚೆ ಬದಿಗೆ ಓಡಿದ. ಕೈ ಮೇಲಿದ್ದಂತೆಯೇ "ಅತ್ತವ್ವ ಮಗ್ಳೆ" ಎಂಬ ಅಪ್ಪನ ದನಿ ಕಿವಿಯಲ್ಲಿ ಕೇಳಿತು. ಅಪ್ಪ ಮೆತ್ತಗಾಗಿರಲಿಲ್ಲ. ಸೊಸೆಯ ಮನೆಯಿಂದ ಬಂದ ಎಂಜಿನ್ನನ್ನು ಸೊಸೆಯೆಂದೇ ಕರೆಯುತ್ತಿದ್ದರು. ಇಷ್ಟು ವರ್ಷ ನಾನು ಚೊಂಬು ಚೊಂಬು ಎಂದು ಹಂಗಿಸಿದಾಗಲೆಲ್ಲ ಒಂದೇ ಮಾತಿನಲ್ಲಿ ನನ್ನನ್ನು ಮುಗಿಸಬಹುದಾಗಿದ್ದವಳು, ಅಪ್ಪನಿಗೆ ಕೊಟ್ಟ ಮಾತಿಗೆ ಬಾಯಿ ಮುಚ್ಚಿಕೊಂಡಿದ್ದಳು. ಎತ್ತಿದ ಕೈಯನ್ನು ಹೇಗೆ ಇಳಿಸುವುದೆಂದು ತಿಳಿಯದೆ ಅದರಲ್ಲೇ ಬೆನ್ನು ಕೆರೆದುಕೊಂಡೆ.

"ಅಮ್ಮ, ಹಳೇ ಎಂಜಿನ್ ಗುಜರಿಗೆ ಹೋಯ್ತಾ?" ಎಂದ ಗಿರೀಶ್, ದೂರದಿಂದಲೇ.

"ಅಯ್ಯೋ, ಬೀಗರ ವಸ್ತು ಗುಜರಿಗಾಕ್ತಾರಾ? ನಮ್ಮಪ್ಪ ಕುದೇರಲ್ಲಿ ಉಲ್ಲಿನ್ ಕೆಳ್ಗೆ ಎಣ್ಣೆ ಅಚ್ಚಿ ಮಡ್ಗವ್ನೆ."

"ಹಾಗಿದ್ರೆ ರಿಪೇರಿ ಮಾಡಿಸಿ ಕೂರಿಸಿ ಸರ್. ಮುಂದಿನ ವರ್ಷ ನಿಮ್ಮದೇ ಮೊದಲ ಕಾರು" ಎಂದು ಹೇಳಿ ಹುಡುಗ ಜಾಗ ಖಾಲಿ ಮಾಡಿದ.

ನಾನು ಜಗುಲಿಯಲ್ಲಿ ಕೂತೆ. ಅಪ್ಪನ ಊಟಿ ಈಗ ಕುದೇರಿನ ಹುಲ್ಲಿನ ಕೆಳಗೆ, ನಾನು ತುಳಿಯುವುದಿಲ್ಲ ಎಂದ ಹೊಸಲಿನ ಆಚೆ. ಅಷ್ಟರಲ್ಲಿ ಪುಟ್ಟಬಸಮ್ಮ ಹೊಸ ಸೀರೆಯುಟ್ಟು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

"ಎಲ್ಲಿಗಮ್ಮಿ?"

"ತವರಿಗೆ. ಎಂಜಿನ್ನಿಗೂ ಅದೇ ತವರು, ಇಬ್ರೂ ಓಗ್ಬುಟ್ಟು ಬತ್ತೀವಿ. ಡ್ರೈವರ್ ಒಬ್ರು ಬೇಕಾಗದೆ, ಬರಂಗಿದ್ರೆ ಬನ್ನಿ."

ಹೋದೆ. ದೇವರಾಜುವಿನ ಅಂಗಡಿಯ ಮುಂದೆ ಕೈ ಬೀಸಲಿಲ್ಲ. ತೆರಕಣಾಂಬಿಯಲ್ಲಿ ರೇಡಿಯೇಟರಿಗೆ ಮೊದಲು ನೀರು ಕುಡಿಸಿ, ಮಿಕ್ಕದ್ದನ್ನು ಅವಳು ತಂದಿದ್ದ ಮಾವನ ಚೊಂಬಿನಲ್ಲೇ ಕುಡಿದೆ. ಆಚೆಯ ಏರಿನಲ್ಲಿ ಎಮ್ಮೆಕಾರು ಕೆಮ್ಮಿ ನಿಲ್ಲುವಂತಾಯಿತು. ಸ್ಟೇರಿಂಗ್ ತಟ್ಟಿದೆ. ಬೈದೆ. ಜಗ್ಗಲಿಲ್ಲ.

"ನಮ್ಮಪ್ಪನ್ ಎಸ್ರು ಏಳಿ, ಅತ್ತದೆ" ಎಂದಳು ಪುಟ್ಟಬಸಮ್ಮ, ಕಿಟಕಿಯ ಆಚೆ ನೋಡುತ್ತ.

ಹಲ್ಲು ಕಚ್ಚಿಕೊಂಡು ಹೇಳಿದೆ. ಹಾಳಾದ್ದು, ಒಂದೇ ಸಲಕ್ಕೆ ಹತ್ತಿಬಿಟ್ಟಿತು.