ವಿಜ್ಞಾನ ಕೇಂದ್ರಕ್ಕೆ ಬಿದ್ದ ಚುಕ್ಕಿಗಳು

ತನಗೆ ಹೊಗಳಿಕೆ ಬೇಕಿಲ್ಲ ಎನ್ನುವ ಮನುಷ್ಯನನ್ನು ನಾನು ನಂಬುವುದಿಲ್ಲ. ಅಡುಗೆ ಮಾಡಿದವರು ಉಣ್ಣುವವರ ಮುಖ ನೋಡುತ್ತಾರೆ. ಹೊಸ ಅಂಗಿ ತೊಟ್ಟವರು ಏನೂ ಕೆಲಸವಿಲ್ಲದಿದ್ದರೂ ಎದುರಿಗೆ ಎರಡು ಸಲ ಹಾದು ಹೋಗುತ್ತಾರೆ. ನಾನಂತೂ ಬೆಳಗ್ಗೆ ಎದ್ದವನೇ ಮೊಬೈಲು ತೆರೆದು, ಗೋಕಾಕದ ನಮ್ಮ ಪುಟ್ಟ ವಿಜ್ಞಾನ ಕೇಂದ್ರದ ಬಗ್ಗೆ ಜನ ಏನು ಬರೆದಿದ್ದಾರೆ, ಐದರಲ್ಲಿ ಎಷ್ಟು ಚುಕ್ಕಿ ಕೊಟ್ಟಿದ್ದಾರೆ ಎಂದು ನೋಡುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ಅದರ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. "ಮೊದ್ಲ ಹಲ್ಲರ ತಿಕ್ಕೋರಿ" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ಲೋಕ ನಮ್ಮನ್ನು ಹೊಗಳಿದೆಯೋ ತೆಗಳಿದೆಯೋ ತಿಳಿಯದೆ ಹಲ್ಲು ಹೇಗೆ ತಿಕ್ಕಬೇಕೋ ಅವಳೇ ಹೇಳಬೇಕು.

ಓದುತ್ತ ಓದುತ್ತ ನನಗೆ ಒಂದು ವಿಷಯ ಖಾತ್ರಿಯಾಗಿದೆ. ನಮ್ಮ ಭಾಗದ ಜನ ವಿಜ್ಞಾನ ಕೇಂದ್ರವನ್ನು ಬೀಗರ ಮನೆಯನ್ನು ನೋಡುವ ಹಾಗೆ ನೋಡುತ್ತಾರೆ. ಗಾಡಿ ನಿಲ್ಲಿಸಲು ಜಾಗ ಇತ್ತೆ, ಕುಡಿಯುವ ನೀರು ತಂಪಿತ್ತೆ, ಪಾಯಖಾನೆ ಹೇಗಿತ್ತು, ಬುತ್ತಿಗಂಟು ಬಿಚ್ಚಲು ನೆರಳು ಇತ್ತೆ, ಬಂದವರನ್ನು ಯಾರಾದರೂ ಮಾತನಾಡಿಸಿದರೋ ಇಲ್ಲವೋ, ಇಷ್ಟೇ. ಮೂಡಲಗಿಯ ಒಬ್ಬರು ಐದೂ ಚುಕ್ಕಿ ಕೊಟ್ಟು, "ಬೇವಿನ ಗಿಡ ಅಗದಿ ಚೊಲೋ ಐತಿ" ಎಂದು ಬರೆದಿದ್ದಾರೆ. ಗಿಡ ನಮ್ಮದಲ್ಲ, ಬಾಜೂ ಮನೆಯವರದು. ಹುಕ್ಕೇರಿಯ ಒಬ್ಬರು ಎರಡೇ ಚುಕ್ಕಿ ಕೊಟ್ಟು, ಕನ್ನಡಿಗಳೆಲ್ಲ ಸೊಟ್ಟಗಿವೆ, ಕೂಡಲೇ ಬದಲಿಸಬೇಕು ಎಂದು ಆಗ್ರಹಿಸಿದ್ದಾರೆ. ಮನುಷ್ಯರನ್ನು ಗಿಡ್ಡ, ಉದ್ದ, ದಪ್ಪ ತೋರಿಸಲೆಂದೇ ದುಡ್ಡು ಕೊಟ್ಟು ಸೊಟ್ಟ ಮಾಡಿಸಿದ ಕನ್ನಡಿಗಳವು. ತುಕ್ಕಾನಟ್ಟಿಯಿಂದ ಬಂದ ಕುರಿ ಸಾಕುವ ಒಬ್ಬರು ಡೈನೋಸಾರದ ಎಲುಬುಗಳ ಫೋಟೋ ಹಾಕಿ, "ಮೇವು ಹಾಕಿಲ್ಲ ಕಾಣಸ್ತೈತಿ" ಎಂದು ಮರುಗಿದ್ದರು. ನನಗೆ ಎಲ್ಲರಿಗಿಂತ ಹಿಡಿಸಿದವರು ಇನ್ನೊಬ್ಬರು. "ಚೊಲೋ ಐತಿ ಅಂತಾರ, ನಾವಿನ್ನೂ ಹೋಗಿಲ್ಲ" ಎಂದು ಬರೆದು ಐದು ಚುಕ್ಕಿ ಕೊಟ್ಟಿದ್ದರು. ಬಾರದವರ ಕಡೆಯಿಂದ ಇದುವರೆಗೆ ಒಂದೂ ದೂರು ಬಂದಿಲ್ಲ.

ಇವರೆಲ್ಲರ ನಡುವೆ ನಾನು ಹುಡುಕುತ್ತಿದ್ದುದು ನನ್ನ ಯಂತ್ರದ ಹೆಸರನ್ನು. ಕೇಂದ್ರದ ಉಳಿದ ವಸ್ತುಗಳೆಲ್ಲ ಬೇರೆ ಊರಿಂದ ಲಾರಿಯಲ್ಲಿ ಬಂದವು. ಇದೊಂದನ್ನು ಮಾತ್ರ ನಾನೇ ಕೈಯಾರೆ ಮಾಡಿದ್ದು. ಗುಜರಿಯಲ್ಲಿ ಸಿಕ್ಕ ಮೋಟರು, ಸೈಕಲ್ ಚೈನು, ಹಳೆಯ ಕಾರಿನ ಫ್ಯಾನು. ಹಿಡಿಕೆ ತಿರುಗಿಸಿದರೆ ವಿದ್ಯುತ್ತು ಹುಟ್ಟಿ ದೀಪ ಹೊತ್ತುತ್ತದೆ, ಎದುರಿನ ಫ್ಯಾನು ಗಿರ್ರನೆ ತಿರುಗುತ್ತದೆ. 'ಯಾಂತ್ರಿಕ ಶಕ್ತಿಯು ವಿದ್ಯುಚ್ಛಕ್ತಿಯಾಗಿ ರೂಪಾಂತರಗೊಳ್ಳುವ ಬಗೆ' ಎಂದು ಫಲಕವನ್ನೂ ನಾನೇ ಬರೆದೆ. ಬಂದವರು ಆ ಫಲಕಕ್ಕೆ ಚೀಲ ತೂಗುಹಾಕಿ ಕನ್ನಡಿಯ ಕಡೆ ಹೋಗುತ್ತಿದ್ದರು.

ಹೀಗಿರುವಾಗ ನಮ್ಮ ಸಮಿತಿಯ ಅಧ್ಯಕ್ಷರಿಗೆ ಸೆಲ್ಫಿ ಪಾಯಿಂಟಿನ ಆಸೆ ಹುಟ್ಟಿತು. ಗೋಡೆಯ ಮೇಲೆ ದೊಡ್ಡ ರೆಕ್ಕೆ ಬರೆಸುವುದು, ಜನ ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುವುದು. ಗೋಡೆ ಬೇಕಲ್ಲ, ನನ್ನ ಯಂತ್ರದ ಹಿಂದಿನ ಗೋಡೆ ಅವರ ಕಣ್ಣಿಗೆ ಬಿತ್ತು. ನಾನು ಶಕ್ತಿಯ ರೂಪಾಂತರದ ಮಹತ್ವವನ್ನು ವಿವರಿಸಿದೆ. ಅವರು ಮೊಬೈಲನ್ನು ನನ್ನ ಮುಂದೆ ಹಿಡಿದರು. "ಮಾಸ್ತರ, ನಿಮ್ಮ ಮಷೀನಿನ ಹೆಸರ ಒಬ್ಬರರ ಬರದಾರೇನ್ರಿ? ಒಂದ ತೋರಸ್ರಿ, ಇಡೂಣು. ಇಲ್ಲಂದ್ರ ಮುಂದಿನ ತಿಂಗಳ ಎತ್ತಿಸಿಬಿಡೂಣು." ಮನೆಗೆ ಬಂದು ಊಟ ಬೇಡವೆಂದೆ. ಶಾಂತಾ ಒತ್ತಾಯ ಮಾಡದೆ ತಾಟು ಎತ್ತಿಟ್ಟದ್ದರಿಂದ ಇನ್ನಷ್ಟು ಬೇಸರವಾಯಿತು.

ದಡ್ಡಿ ಊರಿನಲ್ಲಿರುವ ಅವಳ ತಮ್ಮ ಬಸವರಾಜನಿಗೆ ಫೋನು ಮಾಡಿದೆ. ಯಂತ್ರದ ಬಗ್ಗೆ ಮೊಬೈಲಿನಲ್ಲಿ ಎರಡು ಒಳ್ಳೆಯ ಮಾತು ಬರೆ ಎಂದಷ್ಟೇ ಕೇಳಿದ್ದು. ನಮ್ಮ ಕಡೆ ಒಬ್ಬ ಮನುಷ್ಯನ ಬಗ್ಗೆ ಒಳ್ಳೆಯದು ಹೇಳಬೇಕೆಂದರೆ ಬ್ಯಾನರು ಕಟ್ಟಬೇಕು; ಅದಿಲ್ಲದೆ ಹೇಳಿದ್ದು ಲೆಕ್ಕಕ್ಕಿಲ್ಲ. ಮರುದಿನ ಕೇಂದ್ರದ ಹೆಸರಿನ ಕೆಳಗೆ ನನ್ನ ಫೋಟೋ ಪ್ರತ್ಯಕ್ಷವಾಯಿತು. ಕೈಮುಗಿದು ನಿಂತಿದ್ದೇನೆ, ತಲೆಯ ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ, ಎರಡೂ ಕಡೆ ಸಿಂಹಗಳಿವೆ. 'ಜನಮೆಚ್ಚಿದ ನಾಯಕರು, ವಿಜ್ಞಾನದ ಹುಲಿ' ಎಂದು ಮೇಲೆ. ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು. ಯಂತ್ರದ ಸುದ್ದಿಯೇ ಇಲ್ಲ. ಕೇಳಿದರೆ, ಫೋಟೋಗಳಿಗೇ ಜಾಗ ಸಾಲಲಿಲ್ಲ ಮಾಮಾ ಎಂದ. ಸಂಜೆಗೆ ಅಧ್ಯಕ್ಷರು ಬಂದು, ಯಾವ ಎಲೆಕ್ಷನ್ನಿಗೆ ನಿಲ್ಲುತ್ತಿದ್ದೀರಿ, ನಮಗೊಂದು ಮಾತು ಹೇಳಬೇಕಿತ್ತಲ್ಲ ಎಂದು ಬಹಳ ಮೆಲ್ಲಗೆ ಕೇಳಿದರು. ಅಂದಿನಿಂದ ಅವರು ನನ್ನ ಯಂತ್ರವನ್ನು ನೋಡುವ ರೀತಿಯೇ ಬದಲಾಯಿತು. ಇವತ್ತೇ ಎತ್ತಿಸುವವರ ಹಾಗೆ ನೋಡುತ್ತಿದ್ದರು.

ಯಂತ್ರವನ್ನು ಉಳಿಸಿದವರು ಮೇಲವಂಕಿಯ ಹೆಣ್ಣುಮಕ್ಕಳು. ಹೊಲದ ಕೆಲಸಕ್ಕೆ ಬಿಡುವು ಮಾಡಿಕೊಂಡು, ಟೆಂಪೋ ಮಾಡಿಕೊಂಡು ಬಂದಿದ್ದರು. ಬಿಸಿಲು ಅಂದರೆ ಅಂಥಿಂಥ ಬಿಸಿಲಲ್ಲ. ಅದರ ಮೇಲೆ ಕರೆಂಟೂ ಹೋಯಿತು. ಅವರಲ್ಲೊಬ್ಬಾಕೆ ಸುಮ್ಮನೆ ನನ್ನ ಯಂತ್ರದ ಹಿಡಿಕೆ ತಿರುಗಿಸಿದಳು. ಊರಿಗೆಲ್ಲ ಕರೆಂಟಿಲ್ಲದಾಗ ಆ ಫ್ಯಾನು ಭರ್ರನೆ ಗಾಳಿ ಬೀಸಿತು. ಐದೇ ನಿಮಿಷದಲ್ಲಿ ಎಲ್ಲರೂ ಅದರ ಮುಂದೆ ಸಾಲಾಗಿ ಕೂತು, ಬುತ್ತಿ ಬಿಚ್ಚಿ, ಪಾಳಿಯ ಮೇಲೆ ತಿರುಗಿಸುತ್ತ ರೊಟ್ಟಿ ಉಂಡರು. ನನಗೂ ಒಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಮರುದಿನ ಮೊಬೈಲಿನಲ್ಲಿ ಐದು ಚುಕ್ಕಿ: "ಗಾಳಿ ಮಷೀನ ಭಾಳ ಬೇಷ್ ಐತಿ. ಉಣ್ಣಾಕ ಇದರ ಮುಂದ ಕುಂದರ್ರಿ." ಆಮೇಲೆ ಹಿಡಿಯುವವರಿಲ್ಲ. ಬುತ್ತಿ ಕಟ್ಟಿಕೊಂಡವರೆಲ್ಲ ಗಾಳಿ ಮಷೀನು ಎಲ್ಲಿ ಎಂದು ಕೇಳಿಕೊಂಡು ಬರತೊಡಗಿದರು. ಅಧ್ಯಕ್ಷರು ನನ್ನ ಫಲಕ ತೆಗೆಸಿ 'ಗಾಳಿ ಯಂತ್ರ' ಎಂದು ಬಣ್ಣದಲ್ಲಿ ಬರೆಸಿದರು. ರೆಕ್ಕೆಗಾಗಿ ಕನ್ನಡಿಗಳ ಗೋಡೆ ಹೋಯಿತು. ಹುಕ್ಕೇರಿಯವರ ಆಗ್ರಹವೂ ಈಡೇರಿದಂತಾಯಿತು. ಯಂತ್ರ ಉಳಿಯಿತಲ್ಲ ಎಂದು ಸಂತೋಷ, ವಿಜ್ಞಾನ ಹೋಯಿತಲ್ಲ ಎಂದು ಸಂಕಟ, ಎರಡೂ ಒಟ್ಟಿಗೇ ಆದವು. ಇದು ಫ್ಯಾನಲ್ಲ, ಇದರ ತತ್ವ ಬೇರೆ ಎಂದು ಬಂದವರ ಹತ್ತಿರ ಬಹಳ ದಿನ ಹೇಳಿ ನೋಡಿದೆ. ಹೌದ್ರೀ ಎಂದು ಉಣ್ಣುತ್ತಿದ್ದರು.

ಮೊನ್ನೆ ಮಧ್ಯಾಹ್ನ ಯಾರೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಸೆಕೆ ತಡೆಯಲಾರದೆ ಅಂಗಿ ಕಳಚಿಟ್ಟು, ಬನಿಯನ್ನಿನಲ್ಲೇ ಯಂತ್ರದ ಮುಂದೆ ಡಬ್ಬಿ ಬಿಚ್ಚಿದೆ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. ಆತ ಯಂತ್ರವನ್ನು ಸುತ್ತಲೂ ಬಗ್ಗಿ ನೋಡಿ, "ಇದರಾಗ ಕರೆಂಟ ಹೆಂಗ ಹುಟ್ಟತೈತ್ರಿ?" ಎಂದು ಕೇಳಿದ. ಇಷ್ಟು ದಿನ ಈ ಪ್ರಶ್ನೆಗೇ ಕಾದಿದ್ದೆ. ಆದರೆ ಬಾಯಲ್ಲಿ ರೊಟ್ಟಿ ಇತ್ತು.

"ಮೊದ್ಲ ಜರಾ ತಿರವ್ರಿ, ಆಮ್ಯಾಲ ಹೇಳ್ತೇನಿ" ಎಂದೆ. ಪಾಪ, ತಿರುಗಿಸಿದ. ಅವನು ದಣಿದಾಗ ಅವನ ಹೆಂಡತಿ ತಿರುಗಿಸಿದಳು. ಗಾಳಿ ಅಂದರೆ ಗಾಳಿ. ಊಟ ಮುಗಿಯಿತು, ಗೋಡೆಗೆ ಒರಗಿದೆ, ಕಣ್ಣು ಎಳೆಯಿತು. ಎದ್ದಾಗ ಅವರಿರಲಿಲ್ಲ.

ಮರುದಿನ ಬೆಳಗ್ಗೆ ಮೊಬೈಲು ತೆರೆದರೆ ಒಂದೇ ಚುಕ್ಕಿ. "ವಿದ್ಯುತ್ ತಯಾರಿಸುವ ಯಂತ್ರ ಉತ್ತಮವಾಗಿದೆ. ತಿಳಿಸಿ ಹೇಳುವವರು ಯಾರೂ ಇಲ್ಲ. ಊಟಕ್ಕೆ ಬಂದ ಮುದುಕರೊಬ್ಬರು ನಮ್ಮಿಂದ ಗಾಳಿ ಹಾಕಿಸಿಕೊಂಡು ಮಲಗಿದರು. ಇಂಥ ಹೊರಗಿನವರನ್ನು ಒಳಗೆ ಬಿಡಬಾರದು." ಕೂಡಲೇ ಅಧ್ಯಕ್ಷರ ಫೋನು ಬಂತು: ಯಾರ್ರೀ ಆ ಮುದುಕ, ಮೊದಲು ಅದಕ್ಕೆ ಉತ್ತರ ಬರೆಯಿರಿ ಎಂದರು. ದೂರಿಗೆ ಉತ್ತರ ಕೊಡುವುದು ಉಸ್ತುವಾರಿಯ ಕೆಲಸ. "ಸದರಿ ಮುದುಕರನ್ನು ಗುರುತಿಸಲಾಗಿದೆ, ಕಟ್ಟುನಿಟ್ಟಿನ ಎಚ್ಚರಿಕೆ ಕೊಡಲಾಗಿದೆ" ಎಂದು ಬರೆದು, ಹಲ್ಲು ತಿಕ್ಕಲು ಹೋದೆ.