ಬಾಸಿಂಗದ ತೂಕ

ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ಹಾಗಾಗಿ ಹೋದ ವರ್ಷ ಪರಿಚಯದ ಡಾಕ್ಟರೊಬ್ಬರಿಂದ ಹಳೆಯ ಪ್ಲಗ್-ಇನ್ ಹೈಬ್ರಿಡ್ ಕಾರು ಕೊಂಡಾಗ, ಅದನ್ನು ಓಡಿಸಲು ನನಗಿಂತ ಯೋಗ್ಯರು ಈ ತಾಲ್ಲೂಕಿನಲ್ಲೇ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೆ.

ಕಾರಿನ ಸ್ವಭಾವ ಸರಳ. ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮೊಬೈಲಿನ ಹಾಗೆ ಚಾರ್ಜ್ ಆಗುತ್ತದೆ. ಬ್ಯಾಟರಿ ತುಂಬಿದ್ದರೆ ಸುಮಾರು ನಲವತ್ತು ಕಿಲೋಮೀಟರು ಬರೀ ಕರೆಂಟಿನಲ್ಲೇ ಓಡುತ್ತದೆ. ಅದು ಮುಗಿದರೆ ಪೆಟ್ರೋಲ್ ಎಂಜಿನ್ ತಾನಾಗಿಯೇ ಎದ್ದು ಗಾಡಿ ಎಳೆಯುತ್ತದೆ. ಲೋಕದಲ್ಲಿ ಉಳಿದವರೆಲ್ಲ ಇದನ್ನು ಅನುಕೂಲ ಎನ್ನುತ್ತಾರೆ. ನನಗೆ ಮಾತ್ರ ಎಂಜಿನ್ ಎದ್ದಾಗಲೆಲ್ಲ ಪರೀಕ್ಷೆಯಲ್ಲಿ ಫೇಲಾದಂತೆ ಅನ್ನಿಸುತ್ತಿತ್ತು. ಇನ್ನು ಮೇಲೆ ಅದರ ಸದ್ದೇ ಕೇಳಬಾರದು ಎಂದು ವ್ರತ ಹಿಡಿದೆ.

ವ್ರತವೆಂದ ಮೇಲೆ ನಿಯಮಗಳು ಬೇಕಲ್ಲ! ಎ.ಸಿ. ಹಾಕಕೂಡದು. ಕಿಟಕಿ ತೆರೆದರೆ ಗಾಳಿ ಕಾರನ್ನು ತಡೆಯುತ್ತದೆ, ಆದ್ದರಿಂದ ತೆರೆಯಕೂಡದು. ಅನಾವಶ್ಯಕ ತೂಕ ಇರಕೂಡದು. ಸ್ಟೆಪ್ನಿ, ಜಾಕು, ಕಾಲೊರಸು, ಎಲ್ಲವನ್ನೂ ಇಳಿಸಿ ಹಿತ್ತಿಲಿಗೆ ಸಾಗಿಸಿದೆ. ಪೆಟ್ರೋಲಿಗೂ ತೂಕವಿದೆಯೆಂದು ಒಂದು ಭಾನುವಾರ ಸ್ನಾನ ಮಾಡುವಾಗ ಹೊಳೆಯಿತು. ಅಂದಿನಿಂದ ಟ್ಯಾಂಕಿಗೆ ಹಾಕಿಸುವುದನ್ನೇ ಬಿಟ್ಟೆ. ತಳದಲ್ಲಿ ಉಳಿದಿದ್ದು ಒಂದು ತಂಬಿಗೆಯಷ್ಟು ಇತ್ತೇನೋ.

ಇಷ್ಟರಲ್ಲಿ ನಮ್ಮ ರತ್ನಕ್ಕನ ಮಗಳು ರೂಪಾಳ ಮದುವೆ ಹತ್ತಿರದ ಗಣಿಯೂರಾದ ಊರಿಗಾಂನ ಛತ್ರವೊಂದರಲ್ಲಿ ಗೊತ್ತಾಯಿತು. ನಮ್ಮ ಕಡೆ ಮುಹೂರ್ತಕ್ಕೆ ಮುಂಚೆ ಹೆಣ್ಣಿನ ಹಣೆಗೆ ಬಾಸಿಂಗ ಕಟ್ಟುವವನು ಸೋದರಮಾವ. ಬಾಸಿಂಗ ಬರಬೇಕಾದದ್ದೂ ಅವನ ಮನೆಯಿಂದಲೇ. ರೂಪಾಳಿಗೆ ಇರುವ ಸೋದರಮಾವ ನಾನೊಬ್ಬನೇ. ರತ್ನಕ್ಕನ ದೊಡ್ಡ ಮಗಳ ಮದುವೆಯಲ್ಲಿ ನನ್ನ ಸ್ಕೂಟರು ಪಂಕ್ಚರಾಗಿ, ಹಸೆಮಣೆಯ ಮುಂದೆ ಎಲ್ಲರೂ ನನಗಾಗಿ ಕಾದು ಕೂತಿದ್ದನ್ನು ಅಕ್ಕ ಇನ್ನೂ ಮರೆತಿಲ್ಲ. ಹಿಂದಿನ ದಿನ ಫೋನ್ ಮಾಡಿ ಒಂದೇ ಮಾತು ಹೇಳಿದಳು.

"ಈ ಸಲಾನೂ ದಾರಿ ಕಾಯೋ ಅಂಗೆ ಮಾಡಿದ್ರೆ ನಮ್ಮನೆ ಬಾಗ್ಲಿಗೆ ಬರಬ್ಯಾಡ ಕಣ್ಲಾ."

ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟಳು. ಅಕ್ಕ ಬೈದರೆ ನನಗೆ ರೂಢಿಯಿದೆ, ಆದರೆ ಈ ಮಾತು ಕೇಳಿ ನಿಜಕ್ಕೂ ಹೆದರಿದೆ.

ಮದುವೆಯ ಬೆಳಿಗ್ಗೆ ಚಾರ್ಜಿಗೆ ಹಾಕಿದ್ದ ಕಾರು ಅರ್ಧ ಹೊಟ್ಟೆ ತುಂಬುವಷ್ಟರಲ್ಲಿ ಕರೆಂಟು ಹೋಯಿತು. ಮೀಟರು ಇಪ್ಪತ್ತೊಂದು ಕಿಲೋಮೀಟರು ಎಂದಿತು. ಊರಿಗಾಂ ಹದಿನೈದರೊಳಗೆ. ಆರು ಮಿಗುತ್ತದೆ ಎಂದು ಲೆಕ್ಕ ಹಾಕಿದೆ. ಆದರೆ ಹಿಂದಿನ ಸೀಟಿನಲ್ಲಿ ಆಗಲೇ ನಂಜಮ್ಮತ್ತೆ ಒಬ್ಬಟ್ಟಿನ ಬುಟ್ಟಿಯ ಸಮೇತ ಆಸೀನರಾಗಿದ್ದರು. ಅವರು ನಮ್ಮಪ್ಪನ ತಂಗಿ, ಉಂಡು ತಿಂದು ಬೆಳೆದ ಜೀವ. ಅವರು ಕೂತ ಕಡೆ ಕಾರು ಸ್ವಲ್ಪ ವಾಲಿತ್ತು. ನಾನು ಅತ್ಯಂತ ವಿನಯದಿಂದ, ಮಾರಿಕುಪ್ಪಂಗೆ ಹೋಗುವ ರೈಲು ಊರಿಗಾಂನಲ್ಲೂ ನಿಲ್ಲುತ್ತದೆ, ಅದರಲ್ಲಿ ಕಾಲು ಚಾಚಿಕೊಂಡು ಆರಾಮವಾಗಿ ಹೋಗಬಹುದು ಎಂದು ವಿವರಿಸಿದೆ. ಅತ್ತೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಬುಟ್ಟಿ ಎತ್ತಿಕೊಂಡು ಇಳಿದರು. ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿ ಬರಲು ನನ್ನ ಹೆಂಡತಿ ಜಯ ಜೊತೆಗೆ ಹೋದಳು. ನಾನು ಕಾರಿನಲ್ಲೇ ಕೂತು ಮೀಟರು ಕಾಯುತ್ತಿದ್ದೆ.

ದಾರಿಯಲ್ಲಿ ಪೆಟ್ರೋಲ್ ಬಂಕು ಕಂಡಿತು.

"ಒಂದಿಷ್ಟು ಆಕಿಸ್ಕಳ್ರಿ, ಮದ್ವೆ ದಿನ," ಎಂದಳು ಜಯ.

ಆಗ ನಾನು ಮಾಡಿದ ಭಾಷಣವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಬಂಕು ಹಿಂದೆ ಸರಿಯಿತು.

ಮೂವತ್ತರ ವೇಗದಲ್ಲಿ ಸಾಗಿದೆವು. ಟೊಮ್ಯಾಟೊ ಗಾಡಿಗಳು, ಬಸ್ಸುಗಳು, ಕೊನೆಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು ಕೂಡ ನಮ್ಮನ್ನು ದಾಟಿ ಹೋದವು. ಮುಚ್ಚಿದ ಕಿಟಕಿಯೊಳಗೆ ಜಯ ಮುಡಿದ ಮಲ್ಲಿಗೆ ಬೆಂದು ಹೋಯಿತು. ನನ್ನ ರೇಷ್ಮೆ ಶರ್ಟು ಬೆನ್ನಿಗೆ ಅಂಟಿತು. ಹಳಿ ರಸ್ತೆಯ ಪಕ್ಕಕ್ಕೆ ಬಂದ ಕಡೆ ರೈಲೊಂದು ಕೂಗುತ್ತ ನಮ್ಮನ್ನು ಹಿಂದೆ ಹಾಕಿತು. ಅದರ ಕಿಟಕಿಯಲ್ಲಿ ಯಾರೋ ಸಮಾಧಾನವಾಗಿ ಒಬ್ಬಟ್ಟು ತಿನ್ನುತ್ತಿದ್ದರು. ಯಾರೆಂದು ನಾನು ನೋಡಲು ಹೋಗಲಿಲ್ಲ.

ಮೀಟರಿನ ಅಂಕಿ ರಸ್ತೆಗಿಂತ ಬೇಗ ಕರಗುತ್ತಿತ್ತು. ಏಳು, ಆರು, ನಾಲ್ಕು. ಆಗ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಈ ಕಾರಿನಲ್ಲಿ ಇಳಿಜಾರಿನಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಬ್ಯಾಟರಿಗೆ ಕರೆಂಟು ವಾಪಸು ಬರುತ್ತದೆ. ಹಾಗಾದರೆ ನಮಗೆ ಬೇಕಾದದ್ದು ಒಂದು ಇಳಿಜಾರು. ನಂದಿದುರ್ಗವೆಂಬ ಹಳೆಯ ಚಿನ್ನದ ಗಣಿಯ ಕಡೆ, ಅದರ ಬೂದು ಮಣ್ಣಿನ ಗುಡ್ಡದ ಮಗ್ಗುಲಲ್ಲಿ ಒಳ್ಳೆಯ ದಿಬ್ಬವಿರುವುದು ನನಗೆ ಗೊತ್ತಿತ್ತು. ಅದನ್ನು ಹತ್ತಿ ಇಳಿದರೆ ಆಯಿತು! ಕಾರು ತಿರುಗಿಸಿದೆ.

ಇಳಿಯಲು ಮೊದಲು ಏರಬೇಕು, ಏರಲು ಕರೆಂಟು ಬೇಕು, ಕೊಟ್ಟಷ್ಟು ಎಂದೂ ಮರಳಿ ಬರುವುದಿಲ್ಲ. ಇದನ್ನು ಇಪ್ಪತ್ತಾರು ವರ್ಷ ಮಕ್ಕಳ ತಲೆಗೆ ತುಂಬಿದ ನಾನು, ದಿಬ್ಬದ ನಡುಮಧ್ಯೆ ಮೀಟರು ಸೊನ್ನೆ ತೋರಿಸಿದಾಗ ನೆನಪಿಸಿಕೊಂಡೆ. ಎಂಜಿನ್ ಎದ್ದಿತು. ಎಷ್ಟೋ ತಿಂಗಳ ಮೇಲೆ ಆ ಸದ್ದು ಅಮೃತದಂತೆ ಕೇಳಿಸಿತು. ಎರಡು ಸಲ ಕೆಮ್ಮಿ ನಿಂತೇ ಹೋಯಿತು.

ಮುಹೂರ್ತಕ್ಕೆ ಇನ್ನು ಇಪ್ಪತ್ತು ನಿಮಿಷ. ಸುತ್ತ ನರಪಿಳ್ಳೆಯಿಲ್ಲ, ಬಿಸಿಲು, ಬೂದುಗುಡ್ಡ. ಹಣೆ ಬೋಳಾಗಿ ಕೂತ ರೂಪ, ಬಾಗಿಲು ನೋಡುತ್ತ ನಿಂತ ಅಕ್ಕ, ಇಬ್ಬರೂ ಕಣ್ಣಿಗೆ ಕಟ್ಟಿದರು. ಅಳು ಬಂದಂತಾಯಿತು. ಪಂಚೆ ಎತ್ತಿ ಕಟ್ಟಿ, ಬಾಸಿಂಗ ಕೊಡು, ನಾನು ಓಡಿಕೊಂಡೇ ಹೋಗುತ್ತೇನೆ ಎಂದು ಜಯಳಿಗೆ ಕೈ ಚಾಚಿದೆ.

ಜಯ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಾಸಿಂಗ ಇಲ್ಲೆಲ್ಲೈತೆ? ನಂಜಮ್ಮತ್ತೆ ಬುಟ್ಟೀಲಿ ಇಟ್ಟು ಕಳ್ಸಿದ್ನಲ್ಲ."

"ಯಾಕೆ?"

"ತೂಕ ಇಳಿಸು ಅಂದ್ರಲ್ಲ ನೀವು. ಅದ್ನೂ ಇಳ್ಸಿದೆ."

ಬೆಂಡಿನ ಬಾಸಿಂಗ! ಊದಿದರೆ ಹಾರುವಷ್ಟು ಹಗುರ. ನನ್ನನ್ನು ಇಷ್ಟು ಚೆನ್ನಾಗಿ ತೂಗಿದ ತಕ್ಕಡಿ ಲೋಕದಲ್ಲಿ ಇನ್ನೊಂದಿಲ್ಲ.

ಕೊನೆಗೆ ಟೊಮ್ಯಾಟೊ ಇಳಿಸಿ ಬರುತ್ತಿದ್ದ ಗೂಡ್ಸ್ ಆಟೋ ಸಿಕ್ಕಿತು. "ಎನ್ನಾ ಸಾರ್, ಇಷ್ಟು ದೊಡ್ಡ ಕಾರಿಗೆ ಪೆಟ್ರೋಲ್ ಇಲ್ವಾ?" ಎಂದು ಚಾಲಕ ಕೇಳಿದ. ನಾನು ಖಾಲಿ ಕ್ರೇಟಿನ ಮೇಲೆ ಕೂತು ಗುಡ್ಡದ ಕಡೆ ನೋಡಿದೆ.

ಛತ್ರಕ್ಕೆ ಕಾಲಿಟ್ಟಾಗ ಗಟ್ಟಿಮೇಳ ಮುಗಿದಿತ್ತು. ರೂಪಾಳ ಹಣೆಯಲ್ಲಿ ಬಾಸಿಂಗ ಮಿನುಗುತ್ತಿತ್ತು. ಸೋದರಮಾವ ಎಲ್ಲಿ ಎಂದು ಪುರೋಹಿತರು ಕೇಳಿದಾಗ, ಅವನು ಕರೆಂಟು ಉಳಿಸಿಕೊಂಡು ಬರುತ್ತಿದ್ದಾನೆ ಎಂದು ಹೇಳಿ ನಂಜಮ್ಮತ್ತೆ ತಾವೇ ಕಟ್ಟಿದರಂತೆ. ಫೋಟೋಗಳಲ್ಲೆಲ್ಲ ಸೋದರಮಾವನ ಜಾಗದಲ್ಲಿ ಅವರೇ ಇದ್ದಾರೆ, ತುಂಬ ಒಪ್ಪುತ್ತಾರೆ ಕೂಡ. ಅಕ್ಕ ನನ್ನನ್ನು ಬೈಯಲಿಲ್ಲ. ನನ್ನ ಪಂಚೆಗೆ ಮೆತ್ತಿದ್ದ ಟೊಮ್ಯಾಟೊ ಸಿಪ್ಪೆಯನ್ನು ನೋಡಿ, ಮುಖ ತಿರುಗಿಸಿ ನಕ್ಕಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ರೂಪ ಮಾತ್ರ ಮೆಲ್ಲಗೆ ಕರೆದು, "ಮಾವ, ಗಂಟು ಸಡ್ಲ ಆಗೈತೆ, ಬಿಗಿ ಮಾಡು," ಎಂದಳು. ಮುಟ್ಟಿ ನೋಡಿದೆ. ಸಡಿಲವಾಗಿರಲಿಲ್ಲ. ಆದರೂ ಬಿಗಿ ಮಾಡಿದೆ.

ಸಾಯಂಕಾಲ ಕಾರನ್ನು ಆ ದಿಬ್ಬದಲ್ಲೇ ಬಿಟ್ಟು ಮೂವರೂ ರೈಲಿಗೆ ಹತ್ತಿದೆವು. ಕಿಟಕಿ ತೆರೆದಿತ್ತು, ತಂಪು ಗಾಳಿ ಬೀಸುತ್ತಿತ್ತು, ಡಬ್ಬಿಯ ತುಂಬ ಜನ. ಎದುರು ಸೀಟಿನಲ್ಲಿ ಇಬ್ಬರ ಜಾಗ ಹಿಡಿದು ಕೂತ ನಂಜಮ್ಮತ್ತೆ ಕಿಟಕಿಯಿಂದ ಹಳಿಯ ಮೇಲಿನ ಕರೆಂಟು ತಂತಿಗಳನ್ನು ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಇದೂ ಕರೆಂಟಿನ ಗಾಡೀನೇ ಅಲ್ವೇನ್ಲಾ ಮೇಷ್ಟ್ರೇ? ನಾನು ಕುಂತಿವ್ನಿ, ಆದ್ರೂ ಓಯ್ತಾ ಐತೆ ನೋಡು."