ಹನ್ನೊಂದರ ನಡುಕ

ಕಂಪನಮಾಪಕದ ಉರುಳೆಯಿಂದ ನಿನ್ನೆಯ ಕಾಗದವನ್ನು ಅರ್ಧ ಬಿಚ್ಚಿದ್ದಳು, ಅಷ್ಟರಲ್ಲಿ ಅವಳ ಕೈ ನಿಂತಿತು. ಹನ್ನೊಂದು ಗಂಟೆಯ ಗೆರೆಯ ಮೇಲೆ ಮತ್ತೆ ಅದೇ ನಡುಕ. ನಾಲ್ಕು ಗಂಟೆಯ ಗೆರೆಯ ಮೇಲೂ. ಇಂದಿಗೆ ಹತ್ತು ದಿನ. ಸಾಸಿವೆ ಸಿಡಿದಂತೆ ಸಣ್ಣ ಸಣ್ಣ ಮೊನೆಗಳು ಐದು ನಿಮಿಷ, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ನೇರ ಗೆರೆ.

ಹತ್ತೊಂಬತ್ತು ವರ್ಷ ಭೂಕಂಪ ಕೇಂದ್ರದ ಆ ನೆಲಮಾಳಿಗೆಯಲ್ಲಿ ಕಾಗದ ಬದಲಿಸಿ ಬದಲಿಸಿ ಅವಳ ಹೆಸರೇ ಪೇಪರಮ್ಮ ಎಂದಾಗಿಹೋಗಿತ್ತು. ವರದಿಗಳ ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಅವಳು ‘ಇತರ ಸಿಬ್ಬಂದಿ’. ಈ ಸಲ ಮಾತ್ರ ನಿರ್ದೇಶಕರು ಕಾಗದ ನೋಡಿ ಹೇಳಿದ್ದರು: “ಇದರ ಮೂಲ ನೀವು ಹಿಡಿದ್ರೆ ವರದಿ ಮೇಲೆ ನಿಮ್ಮ ಹೆಸರೇ.”

ಇವತ್ತು ಹಿಡಿದೇ ತೀರಬೇಕೆಂದು ತೋಳೇರಿಸಿ ಮೇಲೆ ಹತ್ತಿದಳು.

“ಅಣ್ಣಾ, ಹನ್ನೊಂದಕ್ಕೆ ಆ ಕೈಗಾಡಿ ಎಳೀಬೇಡ. ಐದು ನಿಮಿಷ ಸುಮ್ನೆ ಕೂತ್ಕೋ,” ಎಂದಳು ಉಗ್ರಾಣದವನಿಗೆ.

“ಸುಮ್ನೆ ಕೂತಿರ್ತೀನಿ ಅಂತ ನೀನೇ ದಿನಾ ಬೈತಿದ್ದೆ. ಈಗ ಅದೇ ಕೆಲಸ ಅಂತೀಯಲ್ಲ.”

ಬೆರಳಚ್ಚಿನ ಹುಡುಗಿ ಕಿವಿ ನಿಮಿರಿಸಿದಳು. “ಯಾಕಕ್ಕಾ? ಅಷ್ಟೊತ್ತಿಗೆ ಏನಾಗುತ್ತೆ?”

“ಕೆಳಗೆ ಮುಳ್ಳು ಕುಣಿಯುತ್ತೆ. ಹನ್ನೊಂದಕ್ಕೆ, ನಾಲ್ಕಕ್ಕೆ. ಯಾರು ಕುಣಿಸ್ತಿದ್ದಾರೆ ಅಂತ ನೋಡ್ಬೇಕು.”

ಆ ಹುಡುಗಿಗೆ ಹೇಳಿದರೆ ಡಂಗುರ ಹೊಡೆಸಿದಂತೆ. ಪೇಪರಮ್ಮನಿಗೆ ಆಗ ಅದು ಹೊಳೆಯಲಿಲ್ಲ.

ಹನ್ನೊಂದಕ್ಕೆ ಇಡೀ ಕಟ್ಟಡ ಉಸಿರು ಬಿಗಿಹಿಡಿದು ಕೂತಿತು. ಅವಳು ಒಂದು ಲೋಟದ ತುಂಬ ನೀರು ಹಿಡಿದು ಹೊರಟಳು. ಮೆಟ್ಟಿಲಿನ ತಿರುವು ಬಂದಾಗಲೆಲ್ಲ ಲೋಟವನ್ನು ನೆಲಕ್ಕಿಟ್ಟು, ಬಗ್ಗಿ ನೋಡಿದಳು. ಮೊದಲನೆಯದರಲ್ಲಿ ನೀರು ಕನ್ನಡಿ. ಎರಡನೆಯದರಲ್ಲಿ ಅದರ ಹಣೆ ಗಂಟಿಕ್ಕಿತು. ನಿರ್ದೇಶಕರ ಬಾಗಿಲ ಮುಂದೆ ಉಂಗುರದ ಮೇಲೆ ಉಂಗುರ ಎದ್ದಿತು.

ಬಾಗಿಲು ತಳ್ಳಿದಳು. ಪ್ಯಾಂಟನ್ನು ಮೊಣಕಾಲಿಗೆ ಮಡಿಸಿಕೊಂಡು ನಿರ್ದೇಶಕರು ಹಗ್ಗ ಹಾರುತ್ತಿದ್ದರು. ಸೈಕಲ್ಲಿಗೆ ಕಟ್ಟಿದ ನೀರಿನ ಕೊಡದಂತೆ ಹೊಟ್ಟೆ ತುಳುಕುತ್ತಿತ್ತು.

“ಬಾಗಿಲು ಹಾಕಮ್ಮಾ,” ಎಂದರು ಏದುಸಿರಿನಲ್ಲಿ. “ದಿನಕ್ಕೆರಡು ಸಲ ಅಂತ ಡಾಕ್ಟರು ಹೇಳಿದ್ದಾರೆ. ಯಾರಿಗೂ ಗೊತ್ತಿಲ್ಲ.”

“ಕೆಳಗಿನ ಮುಳ್ಳಿಗೆ ಗೊತ್ತು, ಸಾರ್.”

“ಎರಡು ಅಂತಸ್ತು ಕೆಳಗಾ? ನಾನು ಅಷ್ಟೊಂದು ಭಾರ ಇಲ್ಲ.”

ಅವಳು ಲೋಟವನ್ನು ಅವರ ಮೇಜಿನ ಮೇಲಿಟ್ಟಳು.

ಕೊನೆಗೊಂದು ಒಪ್ಪಂದವಾಯಿತು. ನಾಲ್ಕಕ್ಕೆ ಅವರು ಹಾರದೆ, ಬಂದು ಅವಳ ಪಕ್ಕದಲ್ಲೇ ನಿಲ್ಲಬೇಕು. ಮುಳ್ಳು ಸುಮ್ಮನಿದ್ದರೆ, ಕಾರಣ ‘ಕಟ್ಟಡದೊಳಗಿನ ಚಲನೆ’ ಎಂದಷ್ಟೇ ಬರೆದು ಕೆಳಗೆ ಅವಳ ಹೆಸರು.

ನಾಲ್ಕಾಯಿತು. ಮುಳ್ಳು ಧ್ಯಾನಕ್ಕೆ ಕೂತಂತಿತ್ತು. ಹತ್ತು ಸೆಕೆಂಡು, ಇಪ್ಪತ್ತು. ಅಚ್ಚಿನಲ್ಲಿ ತನ್ನ ಹೆಸರು ಎಷ್ಟು ಉದ್ದ ಬರಬಹುದೆಂದು ಅವಳು ಅಂದಾಜು ಮಾಡುತ್ತಿದ್ದಳು. ನಲವತ್ತನೆಯ ಸೆಕೆಂಡಿಗೆ ಮುಳ್ಳು ಬೆಚ್ಚಿತು. ಆಮೇಲೆ ಹತ್ತು ದಿನದಲ್ಲಿ ಎಂದೂ ಕುಣಿಯದಂತೆ ಕುಣಿಯಿತು. ಹಿಂದೆಯೇ ಬಾಗಿಲು ತೆರೆಯಿತು. ಉಗ್ರಾಣದವನು, ಬೆರಳಚ್ಚಿನ ಹುಡುಗಿ, ಅವರ ಬೆನ್ನಿಗೆ ಇನ್ನೂ ಮೂವತ್ತು ಜನ ಕಬ್ಬಿಣದ ಮೆಟ್ಟಿಲನ್ನು ದಡದಡ ಇಳಿದು ಒಳನುಗ್ಗಿದರು.

“ಅಕ್ಕಾ, ಬಂತಾ?”

“ನೀವು ಓಡಿ ಬಂದಿದ್ದಕ್ಕೇ ಬಂತು,” ಎಂದಳು ಪೇಪರಮ್ಮ.

“ಅದು ಬರುತ್ತೆ ಅಂತ ತಾನೆ ನಾವು ಓಡಿ ಬಂದಿದ್ದು,” ಎಂದ ಉಗ್ರಾಣದವನು.

ನಿರ್ದೇಶಕರ ಮುಖ ಬೆಳಗಿದ ತಟ್ಟೆಯಂತಾಯಿತು. “ನಾನು ಇಲ್ಲೇ ನಿಂತಿದ್ದೆ, ಎಲ್ರೂ ನೋಡಿದ್ರಲ್ಲ. ಅಂದಮೇಲೆ ಇದು ಭೂಮಿ ಒಳಗಿಂದಲೇ. ಹೊಸ ನಡುಕ. ಬರ್ಕೊಳಮ್ಮಾ, ಶೋಧನೆ ಅಂತ ನನ್ನ ಹೆಸರು. ಇತರ ಸಿಬ್ಬಂದಿ ಸಹಕರಿಸಿದರು ಅಂತ ಕೊನೇಲಿ ಹಾಕು. ನಾಳೆ ಹನ್ನೊಂದಕ್ಕೆ ಪ್ರಧಾನ ಕಚೇರಿಯವರನ್ನ ಕರೆಸ್ತೀನಿ. ಎಲ್ರೂ ಇಲ್ಲಿಗೆ ಬನ್ನಿ.”

ಜನ ಹೋದ ಮೇಲೆ ಅವಳು ಮುಳ್ಳು ಕುಣಿದು ಚೆಲ್ಲಿದ ಮಸಿ ಒರೆಸಿ ಮೇಲೆ ಬಂದಳು. ಯಂತ್ರಗಳ ದೆಸೆಯಿಂದ ಮೊಬೈಲುಗಳೆಲ್ಲ ಗೇಟಿನಲ್ಲೇ ಉಳಿಯುವ ಕಟ್ಟಡ ಅದು. ಹಾಗಾಗಿ ಎಲ್ಲರೂ ಹೊತ್ತು ನೋಡುವುದು ಮೆಟ್ಟಿಲ ಮೇಲಿನ ಗೋಡೆ ಗಡಿಯಾರದಲ್ಲಿ. ಕೆಳಗಿನ ಉರುಳೆಗೆ ಅದರದೇ ಬೇರೆ ಗಡಿಯಾರವಿತ್ತು. ಭೂಮಿ ಗೋಡೆ ಗಡಿಯಾರ ನೋಡಿಕೊಂಡು ನಡುಗುವುದಿಲ್ಲ, ಜನ ಓಡುತ್ತಾರೆ. ನಾಳೆ ಎಲ್ಲರಿಗಿಂತ ಮೊದಲು ಬಂದು ಗೋಡೆ ಗಡಿಯಾರದ ಮುಳ್ಳನ್ನು ಏಳು ನಿಮಿಷ ಮುಂದೆ ತಿರುಗಿಸಬೇಕು, ಆಗ ಪ್ರಧಾನ ಕಚೇರಿಯವರ ಕಣ್ಣೆದುರೇ ನಡುಕ ಉರುಳೆಯ ಹನ್ನೊಂದಕ್ಕೆ ಏಳು ನಿಮಿಷ ಮೊದಲೇ ಬೀಳುತ್ತದೆ ಎಂದುಕೊಂಡಳು.

“ಏನಕ್ಕಾ, ಒಬ್ಬಳೇ ನಗ್ತಾ ಬರ್ತಿದ್ದೀಯ?” ಎಂದ ಗೇಟಿನ ಕಾವಲಿನವನು.

“ಏನಿಲ್ಲ,” ಎಂದು ಮೊಬೈಲು ಇಸಿದುಕೊಂಡು ಮನೆಯ ಕಡೆ ನಡೆದಳು.